ಪೋಷಕ ಆಟಗಾರನ ಬೆಲೆ: ರಾಬರ್ಟ್ ಓರಿಯನ್ನು ಕುರಿತ ವಿವಾದದ ಒಂದು ವಿಮರ್ಶೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟದ ಅಭಿಮಾನಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ವಿವಾದವೊಂದುಂಟು. ರಾಬರ್ಟ್ ಓರಿ ಎಂಬ ಆಟಗಾರನು ಆ ಕ್ರೀಡೆಯ ಮಹನೀಯರ ಪಂಕ್ತಿಯಲ್ಲಿ ಕುಳ್ಳಿರತಕ್ಕವನೇ, ಅಲ್ಲವೇ ಎಂಬುದು ಆ ವಿವಾದದ ವಿಷಯ. (ಈತನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಲ್ಲಿ ಹಕಾರವಿದ್ದರೂ ಉಚ್ಚಾರಣೆಯಲ್ಲಿ ಅದು ಲೋಪವಾಗುತ್ತದೆ.) ಓರಿಯು 1992ರಿಂದ 2008ರವರೆಗೆ 16 ಋತುಗಳ ಕಾಲ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘದ, ಎಂದರೆ ಎನ್.ಬಿ.ಎ.ಯ, ತಂಡಗಳಲ್ಲಿ ಆಡಿದನು. ಋತುವಿನ ಸಾಮಾನ್ಯ ಪಂದ್ಯಗಳು 1107. ಪಂದ್ಯವೊಂದಕ್ಕೆ ಸರಾಸರಿ 7 ಅಂಕ. ವರ್ಷವರ್ಷವೂ ಆಯ್ದ ತಾರೆಯರು ಸೇರಿ ಆಡುವ ಆಲ್-ಸ್ಟಾರ್ ಪಂದ್ಯಕ್ಕೆ ಒಂದು ಸಲವಾದರೂ ಆತನಿಗೆ ಕರೆ ಬರಲಿಲ್ಲ. ಇಷ್ಟನ್ನೇ ಓದಿದವರು ಈತನು ಸಾಧಾರಣನಾದ ಆಟಗಾರನೆಂದು ಪುಟ ತಿರುವಿಬಿಟ್ಟಾರು. ಆದರೆ ಈತನಿದ್ದ ತಂಡಗಳು ಏಳು ಸಲ ಚಾಂಪಿಯನ್ ಪಟ್ಟವನ್ನು ಪಡೆದವು: ಹ್ಯೂಸ್ಟನ್ ರಾಕೆಟ್ಸ್ 1994 ಮತ್ತು 1995ರಲ್ಲಿ, ಲಾಸ್ ಏಂಜಲೀಸ್ ಲೇಕರ್ಸ್ 2000, 2001 ಮತ್ತು 2002ರಲ್ಲಿ, ಸ್ಯಾನ್ ಆಂಟೋನಿಯೋ ಸ್ಪರ್ಸ್ 2005 ಮತ್ತು 2007ರಲ್ಲಿ. 1960ರ ದಶಕದ ಬಾಸ್ಟನ್ ಸೆಲ್ಟಿಕ್ಸ್ ತಂಡದವರನ್ನು ಬಿಟ್ಟರೆ ಏಳು ಪಟ್ಟಗಳನ್ನು ಕಂಡವನು ಈತನೊಬ್ಬನೇ. ಮೈಕೇಲ್ ಜೋರ್ಡಾನನಿಗೆ ದೊರೆತದ್ದು ಆರು.

ಇಂಥ ಕ್ರೀಡಾವಿವಾದದಲ್ಲಿ ಇತಿಹಾಸದ ವಿದ್ಯಾರ್ಥಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ವಿವಾದವು ಮೇಲ್ನೋಟಕ್ಕೆ ಒಬ್ಬ ಆಟಗಾರನನ್ನು ಕುರಿತದ್ದಾದರೂ ಒಳಗೆ ಅದು ಆಧಾರಗಳನ್ನು ಕುರಿತದ್ದು. ಯಾವ ಕೆಲಸವು ದಾಖಲೆಗೆ ಬರುತ್ತದೆ, ಯಾವುದು ಬರುವುದಿಲ್ಲ, ಬಾರದುದನ್ನು ಯಾವುದರಿಂದ ಊಹಿಸಬೇಕು ಎಂಬೀ ಪ್ರಶ್ನೆಗಳು ನಮ್ಮ ವೃತ್ತಿಯಲ್ಲಿ ದಿನವೂ ಎದುರಾಗತಕ್ಕವು. ಪ್ರಶಸ್ತಿ ಶಾಸನವು ಅರಸನ ದಿಗ್ವಿಜಯವನ್ನು ಹೇಳುತ್ತದೆ. ತುರುಗೋಳಿನಲ್ಲಿ ಮಡಿದ ಊರಾಳನ್ನು ತಿಳಿಯಬೇಕಾದರೆ ಊರ ಹೊರಗಿನ ವೀರಗಲ್ಲನ್ನೇ ಓದಬೇಕು. ವೀರಗಲ್ಲು ನಿಲ್ಲದ ಊರಿನಲ್ಲಿ ವೀರರೇ ಇರಲಿಲ್ಲವೆಂದು ಯಾರೂ ಹೇಳಲಾರರು.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಬ್ಯಾಸ್ಕೆಟ್‌ಬಾಲಿನಲ್ಲಿ ಒಂದೊಂದು ಪಕ್ಷಕ್ಕೆ ಐದು ಮಂದಿ ಅಂಕಣದ ಮೇಲಿರುತ್ತಾರೆ. ಉಳಿದವರು ಬೆಂಚಿನ ಮೇಲೆ ಸರದಿ ಕಾಯುತ್ತಾರೆ. ಐವರಿಗೂ ಇರುವುದು ಒಂದೇ ಚೆಂಡು. ಆದುದರಿಂದ ಒಬ್ಬಿಬ್ಬರು ಚೆಂಡನ್ನು ಹೆಚ್ಚು ಹೊತ್ತು ತಮ್ಮ ವಶದಲ್ಲಿಟ್ಟುಕೊಂಡು ಅಂಕ ಗಳಿಸಿದರೆ, ಮಿಕ್ಕವರು ಎದುರಾಳಿಯನ್ನು ತಡೆಯುವುದು, ಬುಟ್ಟಿಗೆ ತಗುಲಿ ಪುಟಿದ ಚೆಂಡನ್ನು ಹಿಡಿಯುವುದು, ತಕ್ಕ ಸ್ಥಳದಲ್ಲಿ ನಿಂತು ಎದುರಾಳಿಯ ಕಾವಲನ್ನು ಚೆದರಿಸುವುದು ಮುಂತಾದ ಕೆಲಸಗಳನ್ನು ವಹಿಸಿಕೊಳ್ಳಬೇಕಾಗುತ್ತದೆ. ಇಂಥವರನ್ನು ಅಲ್ಲಿಯವರು ರೋಲ್ ಪ್ಲೇಯರ್ ಎನ್ನುತ್ತಾರೆ. ನಮ್ಮ ರಂಗಭೂಮಿಯ ಮಾತನ್ನು ಎರವಲು ಪಡೆದು ನಾವು ಪೋಷಕ ಆಟಗಾರ ಎನ್ನೋಣ.

ಓರಿಯ ಪಕ್ಷದವರ ಮುಖ್ಯ ಆಯುಧ ಏಳು ಎಂಬ ಸಂಖ್ಯೆ. ಎದುರು ಪಕ್ಷದವರದೂ ಏಳೇ, ಎಂದರೆ ಸರಾಸರಿ ಅಂಕ. ಈ ಕಾಕತಾಳೀಯವು ವಿನೋದವಾಗಿದ್ದರೂ ಎರಡು ವಾದಗಳೂ ದುರ್ಬಲವೆಂದೇ ನನ್ನ ಅಭಿಪ್ರಾಯ. ಪಟ್ಟವನ್ನು ಗೆಲ್ಲುವುದು ತಂಡ. ಹ್ಯೂಸ್ಟನ್ನಿನಲ್ಲಿ ಹಕೀಂ ಒಲಾಜುವಾನ್, ಲಾಸ್ ಏಂಜಲೀಸಿನಲ್ಲಿ ಶಕೀಲ್ ಓನೀಲ್ ಮತ್ತು ಕೋಬಿ ಬ್ರಯಂಟ್, ಸ್ಯಾನ್ ಆಂಟೋನಿಯೋದಲ್ಲಿ ಟಿಮ್ ಡಂಕನ್ ಇದ್ದರು. ಗೆದ್ದ ದಂಡಿನಲ್ಲಿದ್ದವರೆಲ್ಲ ದಂಡನಾಯಕರಲ್ಲವೆಂದು ಎದುರು ಪಕ್ಷದವರು ಹೇಳುವುದರಲ್ಲಿ ತಪ್ಪಿಲ್ಲ. ಇತ್ತ ಸರಾಸರಿ ಅಂಕವಾದರೋ, ಅಂಕ ಗಳಿಸುವುದೇ ಯಾರ ಮುಖ್ಯ ಕೆಲಸವಲ್ಲವೋ ಅಂಥವನನ್ನು ಆ ಕೆಲಸದಿಂದಲೇ ಅಳೆಯುತ್ತದೆ.

ಈ ಅಳತೆ ಎಲ್ಲಿಂದ ಬಂತೆಂಬುದನ್ನು ಕೊಂಚ ನೋಡಬೇಕು. ಪಂದ್ಯದ ಫಲಿತಾಂಶವನ್ನು ಕೋಷ್ಟಕರೂಪದಲ್ಲಿ ಪತ್ರಿಕೆಗಳಲ್ಲಿ ಅಚ್ಚು ಮಾಡುವ ಬಾಕ್ಸ್ ಸ್ಕೋರ್ ಪದ್ಧತಿಯು ಅಮೆರಿಕದಲ್ಲಿ 19ನೆಯ ಶತಮಾನದ ಬೇಸ್‌ಬಾಲಿನಿಂದ ಬಂದದ್ದು. ಬೇಸ್‌ಬಾಲಿನಲ್ಲಿ ಒಂದೊಂದು ಕ್ರಿಯೆಯೂ ಬಿಡಿಬಿಡಿಯಾಗಿ ನಡೆಯುವುದರಿಂದ ಎಣಿಕೆ ಸುಲಭ. ಹತ್ತು ಮಂದಿ ಏಕಕಾಲದಲ್ಲಿ ಓಡಾಡುವ ಬ್ಯಾಸ್ಕೆಟ್‌ಬಾಲಿಗೆ ಅದೇ ಕೋಷ್ಟಕವನ್ನು ತೊಡಿಸಿದಾಗ ಎಣಿಸಲು ಬರುವುದು ಮಾತ್ರ ಅದರೊಳಗೆ ಉಳಿಯಿತು. ಎದುರಾಳಿಯಿಂದ ಚೆಂಡನ್ನು ಕಸಿಯುವುದು, ಎಸೆತವನ್ನು ಗಾಳಿಯಲ್ಲಿಯೇ ತಡೆಯುವುದು ಇವೆರಡೂ ಎನ್.ಬಿ.ಎ.ಯ ಅಧಿಕೃತ ಲೆಕ್ಕಕ್ಕೆ ಸೇರಿದ್ದು 1973-74ರ ಋತುವಿನಲ್ಲಿ. ಬಿಲ್ ರಸೆಲ್ ಎಂಬ ಮಹಾ ರಕ್ಷಕನು 1969ರಲ್ಲಿಯೇ ನಿವೃತ್ತನಾದನಷ್ಟೆ. ಎಸೆತಗಳನ್ನು ತಡೆಯುವುದರಲ್ಲಿ ಅದ್ವಿತೀಯನೆಂದು ಸಮಕಾಲೀನರೆಲ್ಲರೂ ಒಪ್ಪಿದ್ದ ಆತನ ಹೆಸರಿನಲ್ಲಿ ಅಧಿಕೃತವಾಗಿ ತಡೆದ ಎಸೆತವೆಂಬುದು ಒಂದೂ ಇಲ್ಲ! ಚೆಂಡನ್ನು ಕೈಬಿಟ್ಟ ಲೆಕ್ಕವು 1977-78ರಲ್ಲಿಯೂ, ದೂರದ ಗೆರೆಯಾಚೆಯಿಂದ ಎಸೆದರೆ ಮೂರು ಅಂಕವೆಂಬ ನಿಯಮವು 1979-80ರಲ್ಲಿಯೂ ಬಂದವು. ಒಬ್ಬ ಆಟಗಾರನು ಅಂಕಣದ ಮೇಲಿದ್ದಷ್ಟು ಹೊತ್ತು ತಂಡವು ಎಷ್ಟು ಅಂಕ ಮುಂದಾಯಿತು ಅಥವಾ ಹಿಂದಾಯಿತು ಎಂಬ ಕೂಡು-ಕಳೆಯುವ ಲೆಕ್ಕವು ಬಳಕೆಯಾಗಿ ಹರಡಿದ್ದು 21ನೆಯ ಶತಮಾನದಲ್ಲಿ. ಚಲನವಲನಗಳನ್ನು ಅಳೆಯುವ ಕ್ಯಾಮರಾಗಳು ಎಲ್ಲ ಕ್ರೀಡಾಂಗಣಗಳಲ್ಲಿಯೂ ನೆಲೆಗೊಂಡದ್ದು 2013-14ರಲ್ಲಿ. ಅಷ್ಟು ಹೊತ್ತಿಗೆ ಓರಿಯು ಆಟವನ್ನು ಬಿಟ್ಟು ಐದು ವರ್ಷಗಳಾಗಿದ್ದವು.

ಇನ್ನು ಆತನ ಆಟದ ವಿಷಯ. ಅಭಿಮಾನಿಗಳು ಯಾವಾಗಲೂ ಮೊದಲು ಹೇಳುವುದು 2002ರ ಮೇ 26ರ ಪಂದ್ಯವನ್ನು. ಪಶ್ಚಿಮ ವಿಭಾಗದ ಅಂತಿಮ ಸರಣಿಯಲ್ಲಿ ಸ್ಯಾಕ್ರಮೆಂಟೋ ಕಿಂಗ್ಸ್ ತಂಡವು ಲೇಕರ್ಸ್ ತಂಡಕ್ಕಿಂತ 2-1ರಿಂದ ಮುಂದಿತ್ತು. ನಾಲ್ಕನೆಯ ಪಂದ್ಯದ ಪೂರ್ವಾರ್ಧದಲ್ಲಿ ಸ್ಯಾಕ್ರಮೆಂಟೋದ ಮುನ್ನಡೆ 24 ಅಂಕಗಳಿಗೆ ಏರಿತ್ತು. ಅದು ಹೇಗೋ ಕರಗುತ್ತ ಬಂದು ಕಟ್ಟಕಡೆಯ ಕ್ಷಣಗಳಲ್ಲಿ 99-97ಕ್ಕೆ ನಿಂತಿತು. ಬ್ರಯಂಟನ ಎಸೆತ ತಪ್ಪಿತು. ಪುಟಿದ ಚೆಂಡನ್ನು ಹಿಡಿದ ಓನೀಲನ ಎಸೆತವೂ ತಪ್ಪಿತು. ಸ್ಯಾಕ್ರಮೆಂಟೋದ ವ್ಲಾಡೆ ದಿವಾಚನು ಚೆಂಡನ್ನು ಬುಟ್ಟಿಯ ಬಳಿಯಿಂದ ದೂರಕ್ಕೆ ತಟ್ಟಿಬಿಟ್ಟನು. ವೇಳೆ ಮುಗಿಯುತ್ತಿದ್ದುದರಿಂದ ಅದು ಸಮಂಜಸವಾದ ಕ್ರಮವೇ. ಚೆಂಡು ಮಾತ್ರ ಮೂರಂಕದ ಗೆರೆಯಾಚೆ ನಿಂತಿದ್ದ ಓರಿಯ ಕೈಗೇ ಬಂತು. ಗಡಿಯಾರ ಮುಗಿಯುತ್ತಿದ್ದಂತೆ ಆತನು ಎಸೆದ ಚೆಂಡು ಬುಟ್ಟಿಗೆ ಬಿದ್ದು ಲೇಕರ್ಸ್ 100-99ರಿಂದ ಗೆದ್ದಿತು. ಅದು ಬೀಳದಿದ್ದರೆ ಸರಣಿ 3-1 ಆಗುತ್ತಿತ್ತು. ಏಳನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಲೇಕರ್ಸ್ ಆ ಸರಣಿಯನ್ನು ಗೆದ್ದು, ಬಳಿಕ ಪಟ್ಟವನ್ನೂ ಪಡೆಯಿತು. ಆರನೆಯ ಪಂದ್ಯದ ತೀರ್ಪುಗಾರಿಕೆಯ ವಿಷಯವಾಗಿ ಸ್ಯಾಕ್ರಮೆಂಟೋದವರ ದೂರು ಇಂದಿಗೂ ತೀರಿಲ್ಲ. ಅದು ಬೇರೆಯೇ ಪ್ರಬಂಧದ ವಿಷಯ.

ಎರಡನೆಯದು 2005ರ ಜೂನ್ 19ರಂದು ನಡೆದ ಅಂತಿಮ ಸರಣಿಯ ಐದನೆಯ ಪಂದ್ಯ. ನನ್ನ ಮಟ್ಟಿಗೆ ಇದೇ ಹೆಚ್ಚು ಬೆಲೆಯುಳ್ಳ ಸಾಕ್ಷ್ಯ. ಹಿಂದಿನ ವರ್ಷದ ಚಾಂಪಿಯನ್ನರಾಗಿದ್ದ ಡೆಟ್ರಾಯಿಟ್ ಪಿಸ್ಟನ್ಸ್ ತಂಡವೂ ಸ್ಯಾನ್ ಆಂಟೋನಿಯೋ ತಂಡವೂ 2-2ರಲ್ಲಿ ಸಮವಾಗಿದ್ದವು; ಆಟ ಡೆಟ್ರಾಯಿಟಿನ ನೆಲದಲ್ಲಿ. ಮೂರನೆಯ ಪಾದವು ಮುಗಿಯುವ ತನಕ ಓರಿಯದು ಶೂನ್ಯ. ಆಗ ಆತನಿಗೆ ವಯಸ್ಸು 34. ಅಲ್ಲಿಂದ ಮುಂದೆ ಆತನು 21 ಅಂಕಗಳನ್ನು ಗಳಿಸಿದನು. ಹೆಚ್ಚುವರಿ ಅವಧಿಯ ಕೊನೆಯಲ್ಲಿ ಸ್ಪರ್ಸ್ ಎರಡು ಅಂಕ ಹಿಂದಿತ್ತು. ಹೊರಗೆರೆಯಿಂದ ಚೆಂಡನ್ನು ಒಳಕ್ಕೆ ಕೊಡುವ ಕೆಲಸ ಓರಿಯದಾಗಿತ್ತು. ಆತನು ಅದನ್ನು ಮೂಲೆಯಲ್ಲಿದ್ದ ಮನು ಜಿನೋಬಿಲಿಗೆ ಕೊಟ್ಟನು. ಓರಿಯ ಕಾವಲಿಗಿದ್ದ ರಶೀದ್ ವಾಲೆಸನು ಜಿನೋಬಿಲಿಯನ್ನು ಇಬ್ಬರಾಗಿ ಮುತ್ತುವ ಉದ್ದೇಶದಿಂದ ಅತ್ತ ಸರಿದನು. ಚೆಂಡು ಒಡನೆಯೇ ಓರಿಗೆ ಮರಳಿತು. ಸುಮಾರು ಆರು ಸೆಕೆಂಡುಗಳು ಉಳಿದಿರಲು ಆತನ ಮೂರಂಕದ ಎಸೆತ ಬುಟ್ಟಿ ಸೇರಿತು. ಸ್ಪರ್ಸ್ ಗೆಲವು 96-95. ಲೆಕ್ಕಪಟ್ಟಿಯಲ್ಲಿ ಈ ಘಟನೆಯು ಮೂರು ಅಂಕವೆಂದು ನಮೂದಾಗುತ್ತದೆ. ವಾಲೆಸನು ಸರಿಯಲು ಕಾರಣವಾದ ಜಿನೋಬಿಲಿಯ ಭಯವಾಗಲಿ, ಚೆಂಡನ್ನು ಕೊಟ್ಟ ಮೇಲೆ ಓರಿಯು ಒಳಕ್ಕೆ ಬಂದು ನಿಂತ ಜಾಗವಾಗಲಿ ಅದರಲ್ಲಿ ಎಲ್ಲಿಯೂ ಕಾಣಿಸದು.

ಅಭಿಮಾನಿಗಳು ಇಂಥ ಪಂದ್ಯಗಳನ್ನು ಬೆರಳು ಮಡಿಸಿ ಎಣಿಸುತ್ತಾರೆ. ಬಿಗ್ ಶಾಟ್ ಎಂಬ ಬಿರುದು ಬಂದದ್ದೂ ಹೀಗೆಯೇ. ಆದರೆ ಸ್ಮೃತಿಯು ಪಕ್ಷಪಾತಿ. 2003ರ ಪ್ಲೇ-ಆಫ್ ಪಂದ್ಯಗಳಲ್ಲಿ ಓರಿಯು ಎಸೆದ 38 ಮೂರಂಕದ ಎಸೆತಗಳಲ್ಲಿ ಬುಟ್ಟಿಗೆ ಬಿದ್ದದ್ದು 2. ಆ ವರ್ಷದ ಮೇ 13ರಂದು ಇದೇ ಸ್ಯಾನ್ ಆಂಟೋನಿಯೋದ ಎದುರು ಲೇಕರ್ಸ್ 25 ಅಂಕಗಳ ಹಿನ್ನಡೆಯನ್ನು ಹೆಚ್ಚುಕಡಿಮೆ ತೀರಿಸಿಕೊಂಡು ಕೊನೆಯ ಕ್ಷಣಕ್ಕೆ ಬಂದಿತ್ತು. ಹಿಂದಿನ ವರ್ಷದಂತೆಯೇ ಓರಿಗೆ ಕಾವಲಿರಲಿಲ್ಲ. ಹಿಂದಿನ ವರ್ಷದಂತೆಯೇ ಆತನು ಎಸೆದನು. ಚೆಂಡು ಬುಟ್ಟಿಯ ಬಾಯೊಳಕ್ಕೆ ಅರ್ಧ ಇಳಿದು ಹೊರಕ್ಕೆ ಹಾರಿತು. ಲೇಕರ್ಸ್ 96-94ರಿಂದ ಸೋತು, ಸರಣಿಯನ್ನೂ ಕಳೆದುಕೊಂಡು, ನಾಲ್ಕನೆಯ ಪಟ್ಟದ ಆಸೆಯನ್ನು ಬಿಟ್ಟಿತು. ಓರಿಯ ಗುಣಗಾನ ಮಾಡುವವರು ಈ ಎಸೆತವನ್ನು ಬಿಟ್ಟುಬಿಡುವುದುಂಟು. ಆದರೆ ಆತನ ನಿಜವಾದ ಬೆಲೆಗೆ ಇದರಿಂದ ಊನವಿಲ್ಲವೆಂದು ನಾನು ತಿಳಿದಿದ್ದೇನೆ. ಅದಕ್ಕೆ ಕಾರಣವನ್ನು ಮುಂದೆ ಹೇಳುವೆನು.

ಅದಕ್ಕೆ ಮೊದಲು ಅದೃಷ್ಟದ ಪಾಲನ್ನು ತೂಗಬೇಕು. 1994ರ ಫೆಬ್ರವರಿಯಲ್ಲಿ ಹ್ಯೂಸ್ಟನ್ ತಂಡದವರು ಓರಿಯನ್ನು ಡೆಟ್ರಾಯಿಟಿಗೆ ಕೊಟ್ಟು ಶಾನ್ ಎಲಿಯಟ್ ಎಂಬವನನ್ನು ತರಲು ಒಪ್ಪಂದ ಮಾಡಿಕೊಂಡಿದ್ದರು. ವೈದ್ಯರ ಪರೀಕ್ಷೆಯಲ್ಲಿ ಎಲಿಯಟನ ಮೂತ್ರಪಿಂಡದ ದೋಷವು ಬಯಲಾದ್ದರಿಂದ ಒಪ್ಪಂದ ಮುರಿದುಬಿತ್ತು, ಓರಿಯು ಹಿಂದಿರುಗಿದನು. ಐದು ತಿಂಗಳು ಕಳೆಯುವುದರೊಳಗೆ ಹ್ಯೂಸ್ಟನ್ ತನ್ನ ಮೊಟ್ಟಮೊದಲ ಪಟ್ಟವನ್ನು ಗೆದ್ದಿತು. (ಎಲಿಯಟನು 1999ರಲ್ಲಿ ಸ್ಯಾನ್ ಆಂಟೋನಿಯೋ ಪರವಾಗಿ ಪಟ್ಟ ಗೆದ್ದು, ಅದೇ ವರ್ಷ ಅಣ್ಣನ ಮೂತ್ರಪಿಂಡವನ್ನು ಪಡೆದು, ಮತ್ತೆ ಅಂಕಣಕ್ಕಿಳಿದದ್ದು ಬೇರೆ ಕಥೆ.) ಒಬ್ಬನ ರೋಗ ಮತ್ತೊಬ್ಬನ ಭಾಗ್ಯವಾಯಿತು. 1996ರಲ್ಲಿ ಚಾರ್ಲ್ಸ್ ಬಾರ್ಕ್ಲಿಯನ್ನು ತರುವುದಕ್ಕಾಗಿ ಹ್ಯೂಸ್ಟನ್ನಿನವರು ಓರಿಯನ್ನು ಇತರ ಮೂವರೊಂದಿಗೆ ಫೀನಿಕ್ಸಿಗೆ ಕೊಟ್ಟರು. ಅಲ್ಲಿ ಆತನು 1997ರ ಜನವರಿಯಲ್ಲಿ ತರಬೇತುದಾರ ಡ್ಯಾನಿ ಏಂಜನ ಮೇಲೆ ಟವಲನ್ನು ಎಸೆದು ಜಗಳವಾಡಿದ್ದರ ಫಲವಾಗಿ ಲಾಸ್ ಏಂಜಲೀಸಿಗೆ ಸಾಗಹಾಕಲ್ಪಟ್ಟನು. ಶಿಕ್ಷೆಯೆಂದು ಕಳುಹಿಸಿದ ಆ ಊರಿನಲ್ಲಿ ಮೂರು ಪಟ್ಟಗಳು ಕಾದಿದ್ದವು. ಏಳೆಂಬ ಸಂಖ್ಯೆಯನ್ನು ಆತನ ಗುಣದ ಶುದ್ಧ ಅಳತೆಯೆಂದು ಹೇಳುವವರು ಈ ಸಂಗತಿಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಹಾಗಾದರೆ ಯಾವ ಸಾಕ್ಷ್ಯವನ್ನು ನಂಬುವುದು? ನನ್ನ ಅಭಿಪ್ರಾಯದಲ್ಲಿ, ತರಬೇತುದಾರರು ಆತನಿಗೆ ಕೊಟ್ಟ ನಿಮಿಷಗಳನ್ನು. 2004-05ರ ಸಾಮಾನ್ಯ ಪಂದ್ಯಗಳಲ್ಲಿ ಓರಿಯು ಅಂಕಣದ ಮೇಲಿದ್ದದ್ದು ಪಂದ್ಯಕ್ಕೆ ಸರಾಸರಿ ಸುಮಾರು 19 ನಿಮಿಷ. ಅದೇ ವರ್ಷದ ಪ್ಲೇ-ಆಫ್ ಪಂದ್ಯಗಳಲ್ಲಿ ಸುಮಾರು 27. ಪಣ ದೊಡ್ಡದಾದಂತೆ ತಂಡಗಳು ಬೆಂಚನ್ನು ಕಿರಿದುಗೊಳಿಸಿ ತಾರೆಯರನ್ನೇ ಹೆಚ್ಚು ಹೊತ್ತು ಆಡಿಸುವುದು ವಾಡಿಕೆ. ಪೋಷಕ ಆಟಗಾರರ ವೇಳೆ ಸಾಮಾನ್ಯವಾಗಿ ಕುಗ್ಗುತ್ತದೆ. ಓರಿಯದು ಹಿಗ್ಗಿತು. ಆತನು ಆಡಿದ ಪ್ಲೇ-ಆಫ್ ಪಂದ್ಯಗಳು 244. ನಿವೃತ್ತನಾದಾಗ ಅಷ್ಟು ಪಂದ್ಯಗಳನ್ನಾಡಿದವರು ಬೇರೊಬ್ಬರಿರಲಿಲ್ಲ. ಮುಂದೆ ಆತನ ಜೊತೆಗಾರನೇ ಆಗಿದ್ದ ಡೆರೆಕ್ ಫಿಶರನು ಆ ಸಂಖ್ಯೆಯನ್ನು ದಾಟಿದನು. ಹ್ಯೂಸ್ಟನ್ನಿನ ರೂಡಿ ಟೊಮ್ಜಾನೊವಿಚ್, ಲಾಸ್ ಏಂಜಲೀಸಿನ ಫಿಲ್ ಜ್ಯಾಕ್ಸನ್, ಸ್ಯಾನ್ ಆಂಟೋನಿಯೋದ ಗ್ರೆಗ್ ಪಾಪೊವಿಚ್, ಹೀಗೆ ಸ್ವಭಾವದಲ್ಲಿಯೂ ಆಟದ ತತ್ತ್ವದಲ್ಲಿಯೂ ಪರಸ್ಪರ ಭಿನ್ನರಾದ ಮೂವರು ತರಬೇತುದಾರರು ತಮ್ಮ ಕೆಲಸವೇ ಪಣವಾಗಿದ್ದ ಕಡೆಯ ನಿಮಿಷಗಳಲ್ಲಿ ಆತನನ್ನು ಅಂಕಣದ ಮೇಲೆ ಉಳಿಸಿಕೊಂಡರು. ಕಾಲಾನಂತರದ ಸ್ತುತಿನಿಂದೆಗಳಿಗಿಂತ ಸಮಕಾಲೀನರ ಈ ತೀರ್ಮಾನ ಹೆಚ್ಚು ಪ್ರಮಾಣವಾದುದು. ಮೇಲೆ ಹೇಳಿದ 2003ರ ಎಸೆತವೂ ಇದನ್ನೇ ಹೇಳುತ್ತದೆ. ಅಷ್ಟು ಎಸೆತಗಳು ತಪ್ಪಿದ ವಸಂತದಲ್ಲಿಯೂ ಜ್ಯಾಕ್ಸನ್ ಆತನನ್ನು ಕೂರಿಸಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆ ಎಸೆತವನ್ನು ಎದುರಿನ ಬೆಂಚಿನಿಂದ ನೋಡಿದ ಪಾಪೊವಿಚನ ತಂಡವೇ ಕೆಲವು ವಾರಗಳಲ್ಲಿ ಓರಿಯನ್ನು ತನ್ನಲ್ಲಿ ಸೇರಿಸಿಕೊಂಡಿತು.

ಆತನಲ್ಲಿ ಅವರು ಕಂಡದ್ದೇನು? ಒಲಾಜುವಾನ್, ಓನೀಲ್, ಡಂಕನ್ ಮೂವರೂ ಬುಟ್ಟಿಯ ಬಳಿಯಲ್ಲಿ ಬೆನ್ನು ತಿರುಗಿಸಿ ನಿಂತು ಆಡುವವರು. ಅಂಥವನನ್ನು ತಡೆಯಲು ಎದುರಾಳಿಗಳು ಇಬ್ಬರು ಮೂವರಾಗಿ ಮುತ್ತಬೇಕು. ಸುಮಾರು ಆರೂಮುಕ್ಕಾಲು ಅಡಿ ಎತ್ತರದ, ಎತ್ತರದವರನ್ನು ಕಾವಲು ಕಾಯಬಲ್ಲ, ಜೊತೆಗೆ ದೂರದಿಂದ ಚೆಂಡೆಸೆಯಬಲ್ಲ ಆಟಗಾರನು ಗೆರೆಯಾಚೆ ನಿಂತರೆ ಆ ಮುತ್ತಿಗೆ ಸಡಿಲವಾಗುತ್ತದೆ. 1990ರ ದಶಕದ ಆದಿಯಲ್ಲಿ ಈ ಎತ್ತರದವರು ಬುಟ್ಟಿಯ ಕೆಳಗೇ ಇರತಕ್ಕವರೆಂಬ ಭಾವನೆ ಬಲವಾಗಿತ್ತು. 1994-95ರಿಂದ ಮೂರು ಋತುಗಳ ಕಾಲ ಸಂಘವು ಮೂರಂಕದ ಗೆರೆಯನ್ನು 22 ಅಡಿಗಳಿಗೆ ಹತ್ತಿರ ತಂದದ್ದು ಹ್ಯೂಸ್ಟನ್ನಿನ ಈ ವಿನ್ಯಾಸಕ್ಕೆ ಅನುಕೂಲವಾಯಿತು. ರಕ್ಷಣೆಯಲ್ಲಿಯೂ ಆತನು ಹಿಂದಿರಲಿಲ್ಲ. 1995ರ ಅಂತಿಮ ಸರಣಿಯ ಎರಡನೆಯ ಪಂದ್ಯದಲ್ಲಿ ಏಳು ಸಲ ಚೆಂಡನ್ನು ಕಸಿದನು. ಅಂತಿಮ ಸರಣಿಯ ಪಂದ್ಯವೊಂದರಲ್ಲಿ ಹಾಗೆ ಮಾಡಿದವರು ಅದಕ್ಕೆ ಮುಂಚೆ ಇರಲಿಲ್ಲ, ಎಂದರೆ 1973ರ ಈಚೆಗೆ ಇರಲಿಲ್ಲ. ಅದರ ಹಿಂದಿನದನ್ನು ಯಾರು ಎಣಿಸಿದ್ದರು?

ಹಿರಿಯ ಪೋಷಕ ಆಟಗಾರನ ಬೆಲೆಯ ಪ್ರಶ್ನೆ ಕೇವಲ ಕೀರ್ತಿಯದಲ್ಲ, ಜೀವನೋಪಾಯದ್ದೂ ಹೌದು. ತಂಡದ ಪಟ್ಟಿಯಲ್ಲಿ ಇರತಕ್ಕ ಸಾಮಾನ್ಯ ಸ್ಥಾನಗಳು 15. ಅನುಭವ ಹೆಚ್ಚಿದಷ್ಟೂ ಕನಿಷ್ಠ ವೇತನವೂ ಹೆಚ್ಚು. ಹೀಗಿರಲಾಗಿ ತಂಡಗಳು ಹಿರಿಯನನ್ನು ಬಿಟ್ಟು ಅಗ್ಗದ ಕಿರಿಯನನ್ನು ಆರಿಸಿಕೊಳ್ಳುವ ಅಪಾಯವುಂಟು. ಅದಕ್ಕಾಗಿ, ಒಂದು ವರ್ಷದ ಕನಿಷ್ಠ ವೇತನದ ಒಪ್ಪಂದಗಳಲ್ಲಿ, ಎರಡು ವರ್ಷದ ಅನುಭವಿಗೆ ಸಲ್ಲುವ ಮೊತ್ತವನ್ನು ಮೀರಿದ ಭಾಗವನ್ನು ಸಂಘವೇ ಭರಿಸುವಂತೆ ನಿಯಮ ಮಾಡಲಾಗಿದೆ. ಮಯಾಮಿ ಹೀಟ್ ತಂಡದ ಯೂಡೊನಿಸ್ ಹ್ಯಾಸ್ಲೆಮನ ಹೆಸರಿನಲ್ಲಿ ಅಭಿಮಾನಿಗಳು ವರ್ಷವರ್ಷವೂ ಚರ್ಚಿಸಿದ್ದು ಇದನ್ನೇ. 2003ರಿಂದ 2023ರವರೆಗೆ 20 ಋತುಗಳನ್ನು ಒಂದೇ ತಂಡದಲ್ಲಿ ಕಳೆದ ಆತನು ಕಡೆಯ ಋತುವಿನಲ್ಲಿ ಆಡಿದ್ದು 7 ಪಂದ್ಯಗಳನ್ನು. ಸ್ಥಾನವೊಂದು ವ್ಯರ್ಥವಾಯಿತೆಂದು ಕೆಲವರು. ಕಿರಿಯರಿಗೆ ಶಿಸ್ತನ್ನು ಕಲಿಸುವವನಿಗೆ ಲೆಕ್ಕಪಟ್ಟಿ ಏಕೆಂದು ಇತರರು. 2023ರ ಏಪ್ರಿಲ್ 9ರಂದು, ಸಾಮಾನ್ಯ ಋತುವಿನ ಕೊನೆಯ ದಿನ, 42 ವರ್ಷದ ಹ್ಯಾಸ್ಲೆಮನು 24 ಅಂಕಗಳನ್ನು ಗಳಿಸಿ ಎರಡು ಪಕ್ಷಗಳ ಬಾಯನ್ನೂ ತಾತ್ಕಾಲಿಕವಾಗಿ ಕಟ್ಟಿದನು. ಇದಕ್ಕೂ ಹಿಂದೆ, 2009ರ ಫೆಬ್ರವರಿಯಲ್ಲಿ, ಮೈಕೇಲ್ ಲೂಯಿಸ್ ಎಂಬ ಲೇಖಕನು ಹ್ಯೂಸ್ಟನ್ನಿನ ಶೇನ್ ಬ್ಯಾಟಿಯೆಯನ್ನು ಕುರಿತು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಾಪ್ತಾಹಿಕದಲ್ಲಿ ಬರೆದ ದೀರ್ಘ ಲೇಖನವು, ಕೋಷ್ಟಕದಲ್ಲಿ ಕಾಣಿಸದವನ ಬೆಲೆಯನ್ನು ಹೊಸ ಗಣಿತದಿಂದ ತೋರಿಸಬಹುದೆಂಬ ನಂಬಿಕೆಯನ್ನು ಸಾಮಾನ್ಯ ಓದುಗರಲ್ಲಿಯೂ ಹರಡಿತು.

ಕೀರ್ತಿಯ ಮಾತಿಗೆ ಬರೋಣ. ಈ ಆಟವು 1891ರಲ್ಲಿ ಹುಟ್ಟಿದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಅದರ ನಿರ್ಮಾತೃ ಜೇಮ್ಸ್ ನೈಸ್ಮಿತನ ಹೆಸರಿನ ಹಾಲ್ ಆಫ್ ಫೇಮ್ ಎಂಬ ಕೀರ್ತಿಮಂದಿರವಿದೆ. 2025ರ ಪಟ್ಟಿಯವರೆಗೆ ಓರಿಗೆ ಅಲ್ಲಿ ಪ್ರವೇಶ ದೊರೆತಿಲ್ಲ. ಪೋಷಕ ಆಟಗಾರರಿಗೆ ಆ ಬಾಗಿಲು ಮುಚ್ಚಿದೆಯೆಂದು ಓರಿಯ ಅಭಿಮಾನಿಗಳು ದೂರುತ್ತಾರೆ. ಆದರೆ ಪ್ರವೇಶ ಪಡೆದವರ ಪಟ್ಟಿ ಹಾಗೆ ಹೇಳುವುದಿಲ್ಲ. ಸರಾಸರಿ 7.4 ಅಂಕ ಗಳಿಸಿದ ಕೆ.ಸಿ. ಜೋನ್ಸ್ 1989ರಲ್ಲಿಯೂ, 7.3 ಅಂಕಗಳ ಡೆನಿಸ್ ರಾಡ್‌ಮನ್ 2011ರಲ್ಲಿಯೂ, ಆರಕ್ಕೂ ಕಡಮೆ ಅಂಕಗಳ ಬೆನ್ ವಾಲೆಸ್ 2021ರಲ್ಲಿಯೂ, 1990ರಲ್ಲಿಯೇ ಎನ್.ಬಿ.ಎ.ಯನ್ನು ಬಿಟ್ಟಿದ್ದ ಮೈಕೇಲ್ ಕೂಪರ್ 2024ರಲ್ಲಿಯೂ ಒಳಹೊಕ್ಕರು. ಇವರಿಗೂ ಓರಿಗೂ ಇರುವ ಭೇದವನ್ನು ವಿವಾದಿಗಳು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ರಾಡ್‌ಮನ್ ಪುಟಿದ ಚೆಂಡುಗಳನ್ನು ಹಿಡಿಯುವುದರಲ್ಲಿ ಸತತವಾಗಿ ಏಳು ಋತು ಅಗ್ರಗಣ್ಯ. ವಾಲೆಸ್ ನಾಲ್ಕು ಸಲವೂ ಕೂಪರ್ 1987ರಲ್ಲೊಮ್ಮೆಯೂ ವರ್ಷದ ಶ್ರೇಷ್ಠ ರಕ್ಷಕ. ಜೋನ್ಸನಿಗೆ ರಸೆಲನ ಜೊತೆಗಾರನಾದ ರಕ್ಷಕನೆಂಬ ಹೆಸರು. ಬಾಸ್ಟನ್ನಿನಲ್ಲಿ ಏಳು ಪಟ್ಟಗಳನ್ನು ಪಡೆದ ಫ್ರಾಂಕ್ ರ್‍ಯಾಮ್ಸೆಯನ್ನು 1982ರಲ್ಲಿ ಆರಿಸಿದಾಗಲೂ ‘ಆರನೆಯ ಆಟಗಾರ’ ಎಂಬ ಪಾತ್ರಕ್ಕೆ ಆತನೇ ಮೊದಲಿಗನೆಂಬ ಹೆಗ್ಗಳಿಕೆ ಜೊತೆಗಿತ್ತು. ಪ್ರತಿಯೊಬ್ಬನ ಕೆಲಸಕ್ಕೂ ಒಂದು ಹೆಸರು, ಒಂದು ಪದಕ ಅಥವಾ ಲೆಕ್ಕಪಟ್ಟಿಯಲ್ಲಿ ಒಂದು ಅಂಕಣವಿತ್ತು. ಓರಿಯ ಕೆಲಸಕ್ಕೆ ಅಂಥದೇನೂ ಇರಲಿಲ್ಲ. ದೊಡ್ಡವನಿಗಾಗಿ ಜಾಗ ಬಿಡಿಸಿ ನಿಲ್ಲುವುದಕ್ಕೆ ಯಾವ ಸಂಘವೂ ವಾರ್ಷಿಕ ಬಹುಮಾನವನ್ನಿಟ್ಟಿಲ್ಲ. ಆತನಿಗೆ ಮಂದಿರದಲ್ಲಿ ಸ್ಥಾನ ಸಲ್ಲಬೇಕೆಂಬುದೇ ನನ್ನ ಮತ. ಆದರೆ ಏಳು ಪಟ್ಟಗಳ ಕಾರಣದಿಂದಲ್ಲ, ಆ 244 ಪಂದ್ಯಗಳ ನಿಮಿಷಗಳ ಕಾರಣದಿಂದ.

ರ್‍ಯಾಮ್ಸೆಯ ಜೊತೆಯಲ್ಲಿಯೇ ಅದೇ ಏಳು ಪಟ್ಟಗಳನ್ನು ಪಡೆದ ಜಿಮ್ ಲಾಸ್ಕುಟಾಫ್ ಎಂಬ ಇನ್ನೊಬ್ಬನಿದ್ದನು. 1955ರಿಂದ 1964ರವರೆಗೆ ಆಡಿದ ಈತನದು ಸರಾಸರಿ 6.2 ಅಂಕ, ಎದುರಾಳಿಗಳ ಮೈಗೆ ಮೈಕೊಟ್ಟು ನಿಲ್ಲುವುದು ಕೆಲಸ. ಸ್ಪ್ರಿಂಗ್‌ಫೀಲ್ಡಿನಲ್ಲಿ ಆಟಗಾರನಾಗಿ ಈತನಿಗೂ ಸ್ಥಾನ ದೊರೆಯಲಿಲ್ಲ. ಬಾಸ್ಟನ್ ತಂಡದವರು ಗೌರವಾರ್ಥವಾಗಿ ಈತನ 18ನೆಯ ಸಂಖ್ಯೆಯ ಅಂಗಿಯನ್ನು ಮುಂದೆ ಯಾರಿಗೂ ಕೊಡದಿರಲು ನಿಶ್ಚಯಿಸಿದಾಗ, ಮುಂದಿನವರು ಯಾರಾದರೂ ತೊಡಲಿ ಎಂದು ಈತನೇ ಬೇಡಿದನು. ಆ ಅಂಗಿಯನ್ನು ಮುಂದೆ ಡೇವ್ ಕವೆನ್ಸ್ ತೊಟ್ಟನು. ಕೊನೆಗೆ 18 ನಿವೃತ್ತವಾದದ್ದು ಕವೆನ್ಸನ ಹೆಸರಿನಲ್ಲಿ. ಬಾಸ್ಟನ್ನಿನ ಕ್ರೀಡಾಂಗಣದಲ್ಲಿ ಮೇಲೆ ತೂಗುವ ಪತಾಕೆಗಳಲ್ಲಿ, ಸಂಖ್ಯೆಗಳ ನಡುವೆ, ಲಾಸ್ಕಿ ಎಂಬ ಅಡ್ಡಹೆಸರು ಮಾತ್ರ ಅಕ್ಷರಗಳಲ್ಲಿ ಬರೆದಿದೆ.